ಜಿನ್‌ಷಿ ಎಂದರೆ ಪಿಎಚ್.ಡಿ.ಯೇ?

ಮಾನ್ಯರೇ,

ಪ್ರೌಢಶಾಲೆಯ ವಾರ್ಷಿಕ ಸಂಚಿಕೆಗಾಗಿ ಚೀನಾದ ರಾಜಪರೀಕ್ಷೆಗಳ (ಸರ್ಕಾರಿ ಅಧಿಕಾರಿಗಳನ್ನು ಆರಿಸಲು ನಡೆಯುತ್ತಿದ್ದ ಪರೀಕ್ಷೆಗಳ) ಕುರಿತು ಲೇಖನ ಬರೆಯುತ್ತಿರುವ ತಾವು, ಅದರ ಜೊತೆಗೆ ಅಚ್ಚು ಹಾಕಿಸಬೇಕೆಂದಿರುವ ಕೋಷ್ಟಕವನ್ನು ನಮಗೆ ಕಳುಹಿಸಿದ್ದೀರಿ. ಅದರಲ್ಲಿ ಆ ಪರೀಕ್ಷೆಗಳಲ್ಲಿ ಗೆದ್ದವರಿಗಿದ್ದ ಬಿರುದುಗಳ ಪೈಕಿ ಶ್ಯೂತ್ಸಾಯ್ ಎಂಬುದರ ಎದುರು ಬಿ.ಎ., ಜೂರೆನ್ ಎದುರು ಎಂ.ಎ., ಜಿನ್‌ಷಿ ಎದುರು ಪಿಎಚ್.ಡಿ. ಎಂದಿದೆ, ಜುವಾಂಗ್‌ಯುವಾನ್ ಎದುರಿನ ಜಾಗ ಖಾಲಿ ಇದೆ. ಅಲ್ಲಿ ಏನು ಬರೆಯಬೇಕು ಎಂಬುದು ತಮ್ಮ ಮೊದಲ ಪ್ರಶ್ನೆ. ಆ ಪದವಿಗಳಿಗಿದ್ದ ಬೆಲೆ ಇಂದಿನ ಪದವಿಗಳಿಗೆ ಏಕೆ ಇಲ್ಲ ಎಂಬುದು ಎರಡನೆಯದು.

ಈ ಸಮೀಕರಣಕ್ಕೆ ನೂರೈವತ್ತು ವರ್ಷಗಳ ವಯಸ್ಸಾಗಿದೆ. 19ನೆಯ ಶತಮಾನದಲ್ಲಿ ಚೀನಾದಲ್ಲಿದ್ದ ಪಾಶ್ಚಾತ್ಯ ಮಿಷನರಿಗಳು ತಮ್ಮ ನಾಡಿನ ಓದುಗರಿಗೆ ಸುಲಭವಾಗಲೆಂದು ಬಳಸಿದ ಹೋಲಿಕೆಯೇ ಪುಸ್ತಕದಿಂದ ಪುಸ್ತಕಕ್ಕೆ ಹರಿದುಬಂದಿದೆ. ಅಲ್ಲಿಯೂ ಮೂರು ಹಂತ, ಇಲ್ಲಿಯೂ ಮೂರು ಹಂತ ಎಂಬಷ್ಟಕ್ಕೆ ಅದು ಸರಿ. ಅದಕ್ಕಿಂತ ಮುಂದೆ ಹೋದರೆ ಮಕ್ಕಳಿಗೆ ತಪ್ಪು ತಿಳಿವಳಿಕೆ ಕೊಟ್ಟಂತಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ವೀ ರಾಜವಂಶದ ಕಾಲದಲ್ಲಿ, ಸಾಮಾನ್ಯವಾಗಿ ಹೇಳುವಂತೆ ಕ್ರಿ.ಶ. 605ರಲ್ಲಿ, ಆರಂಭವಾದ ಈ ಪರೀಕ್ಷಾ ಪದ್ಧತಿ 1905ರಲ್ಲಿ ರದ್ದಾಯಿತು. ತಮ್ಮ ಕೋಷ್ಟಕದಲ್ಲಿರುವ ಹಂತಗಳು ಮುಖ್ಯವಾಗಿ ಮಿಂಗ್ (1368–1644) ಮತ್ತು ಚಿಂಗ್ (1644–1912) ರಾಜವಂಶಗಳ ಕಾಲದವು. ತಾಲ್ಲೂಕು, ಜಿಲ್ಲೆಗಳಿಗೆ ಸಮಾನವಾದ ಮಟ್ಟದಲ್ಲಿ ಸರಣಿ ಪರೀಕ್ಷೆಗಳನ್ನು ದಾಟಿದವನು ಶ್ಯೂತ್ಸಾಯ್ ಆಗುತ್ತಿದ್ದನು. ಮೂರು ವರ್ಷಕ್ಕೊಮ್ಮೆ ಪ್ರಾಂತ್ಯದ ರಾಜಧಾನಿಯಲ್ಲಿ ನಡೆಯುವ ಪರೀಕ್ಷೆಯಲ್ಲಿ ಗೆದ್ದವನು ಜೂರೆನ್. ಮರುವರ್ಷದ ವಸಂತದಲ್ಲಿ ಬೀಜಿಂಗ್‌ನಲ್ಲಿ ತೇರ್ಗಡೆಯಾಗಿ, ಚಕ್ರವರ್ತಿಯ ಹೆಸರಿನಲ್ಲಿ ನಡೆಯುವ ಅರಮನೆಯ ಪರೀಕ್ಷೆಯನ್ನೂ ಮುಗಿಸಿದವನು ಜಿನ್‌ಷಿ. ಪ್ರತಿಯೊಂದು ಹಂತದಲ್ಲಿಯೂ ಎಷ್ಟು ಜನರನ್ನು ಆರಿಸಬೇಕೆಂಬ ಸಂಖ್ಯೆಯನ್ನು ಸರ್ಕಾರವೇ ಮಿತಿಗೊಳಿಸುತ್ತಿತ್ತು. ಪ್ರಾಂತ್ಯ ಮಟ್ಟದಲ್ಲಿ ನೂರಕ್ಕೆ ಒಬ್ಬಿಬ್ಬರು ಉಳಿದರೆ ಹೆಚ್ಚು. ಹೆಣ್ಣುಮಕ್ಕಳಿಗಂತೂ ಪ್ರವೇಶವೇ ಇರಲಿಲ್ಲ.

ಪ್ರಾಂತ್ಯ ಪರೀಕ್ಷೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಈ ಪದ್ಧತಿಯ ಸ್ವಭಾವ ಅಲ್ಲಿಯೇ ಎದ್ದು ಕಾಣುತ್ತದೆ. ನಾನ್‌ಜಿಂಗ್‌ನ ಪರೀಕ್ಷಾ ಪ್ರಾಂಗಣದಲ್ಲಿ 20,000ಕ್ಕೂ ಹೆಚ್ಚು ಕೋಣೆಗಳು ಸಾಲುಸಾಲಾಗಿ ಇದ್ದವು. ಕೋಣೆ ಎಂದರೆ ಮೂರು ಗೋಡೆ, ಒಂದು ಮಾಡು, ಎರಡು ಹಲಗೆ. ಹಗಲಿನಲ್ಲಿ ಒಂದು ಹಲಗೆ ಕೂರಲು, ಇನ್ನೊಂದು ಬರೆಯಲು. ರಾತ್ರಿ ಎರಡನ್ನೂ ಜೋಡಿಸಿಕೊಂಡು ಮುದುರಿ ಮಲಗಬೇಕು. ಹೀಗೆ ಮೂರು ಸರದಿಯಲ್ಲಿ ಪರೀಕ್ಷೆ ನಡೆಯುತ್ತಿತ್ತು. ಅಭ್ಯರ್ಥಿ ಕಪ್ಪು ಶಾಯಿಯಲ್ಲಿ ಬರೆದ ಉತ್ತರ ಪತ್ರಿಕೆಯ ಹೆಸರಿನ ಭಾಗವನ್ನು ಮುಚ್ಚಿ ಅಂಟಿಸುತ್ತಿದ್ದರು. ಬಳಿಕ ನಕಲುಗಾರರು ಅದನ್ನು ಅಕ್ಷರಶಃ ಕೆಂಪು ಶಾಯಿಯಲ್ಲಿ ಪ್ರತಿ ಮಾಡುತ್ತಿದ್ದರು, ಬೇರೆಯವರು ಎರಡನ್ನೂ ತಾಳೆ ನೋಡುತ್ತಿದ್ದರು, ಆ ಕೆಂಪು ಪ್ರತಿ ಮಾತ್ರ ಮೌಲ್ಯಮಾಪಕರ ಕೈಗೆ ಹೋಗುತ್ತಿತ್ತು. ಕೈಬರಹದಿಂದಲೂ ಅಭ್ಯರ್ಥಿ ಯಾರೆಂದು ತಿಳಿಯಬಾರದು ಎಂಬುದೇ ಉದ್ದೇಶ. ಹೆಸರು ಮುಚ್ಚುವ, ಪ್ರತಿ ಮಾಡುವ ಈ ಕ್ರಮಗಳು ಸೋಂಗ್ ರಾಜವಂಶದ (960–1279) ಕಾಲದಿಂದಲೇ ಬಂದವು ಎಂಬುದನ್ನು ನೆನೆದರೆ ನನಗೆ ಇಂದಿಗೂ ಗೌರವ ಹುಟ್ಟುತ್ತದೆ.

ಈಗ ಪದವಿಯ ವಿಚಾರ. ವಿಶ್ವವಿದ್ಯಾಲಯದ ಪದವಿಯು ಒಬ್ಬ ವಿದ್ಯಾರ್ಥಿ ಗೊತ್ತಾದ ವಿಷಯವನ್ನು ಗೊತ್ತಾದ ಅವಧಿಯಲ್ಲಿ ಅಭ್ಯಾಸ ಮಾಡಿ ಮುಗಿಸಿದ್ದಾನೆ ಎನ್ನುತ್ತದೆ, ಪಿಎಚ್.ಡಿ.ಯಾದರೆ, ಅವನು ಜ್ಞಾನಕ್ಕೆ ಹೊಸದೇನನ್ನಾದರೂ ಸೇರಿಸಿದ್ದಾನೆ ಎನ್ನುತ್ತದೆ. ಒಂದು ತರಗತಿಯವರೆಲ್ಲರೂ ಅರ್ಹರಾದರೆ ಎಲ್ಲರಿಗೂ ಪದವಿ ಕೊಡಲು ಅಡ್ಡಿಯಿಲ್ಲ. ರಾಜಪರೀಕ್ಷೆಯ ಅಭ್ಯರ್ಥಿ ಎಲ್ಲಿ ಓದಿದ, ಯಾರ ಬಳಿ ಓದಿದ, ಎಷ್ಟು ವರ್ಷ ಓದಿದ ಎಂಬುದು ಫಲಿತಾಂಶಕ್ಕೆ ಸಂಬಂಧಿಸಿದ್ದಲ್ಲ. ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳ ಮೇಲೆ, ಅಂಗೀಕೃತ ವ್ಯಾಖ್ಯಾನವನ್ನು ಮೀರದೆ, ಎಂಟು ಅಂಗಗಳ ಕಟ್ಟುನಿಟ್ಟಾದ ಪ್ರಬಂಧ ರಚಿಸುವ ಸಾಮರ್ಥ್ಯವೇ ಮುಖ್ಯ ಅಳತೆಗೋಲು. ಹೊಸ ಮಾತು ಹೇಳಿದವನಿಗೆ ಅಲ್ಲಿ ಲಾಭವಿರಲಿಲ್ಲ, ಪಿಎಚ್.ಡಿ.ಯ ಹೋಲಿಕೆ ಬಿದ್ದುಹೋಗುವುದು ಇಲ್ಲಿಯೇ.

ಗೆದ್ದವನಿಗೆ ಸಿಗುತ್ತಿದ್ದುದು ಸಮಾಜದಲ್ಲಿ ಕಾನೂನುಬದ್ಧವಾದ ಒಂದು ಸ್ಥಾನ. ಶ್ಯೂತ್ಸಾಯ್ ಬಿಟ್ಟಿ ದುಡಿಮೆಯಿಂದ ಮುಕ್ತ. ನ್ಯಾಯಾಧಿಕಾರಿಯ ಮುಂದೆ ಅವನು ಮಂಡಿಯೂರಬೇಕಿರಲಿಲ್ಲ, ಅವನಿಗೆ ಸುಮ್ಮನೆ ಛಡಿಯೇಟು ಹಾಕಿಸುವಂತಿರಲಿಲ್ಲ. ಆದರೆ ಅವನು ಆಗಾಗ ಮರುಪರೀಕ್ಷೆಗೆ ಕೂರಬೇಕಿತ್ತು, ತೀರಾ ಕಳಪೆಯಾಗಿ ಬರೆದರೆ ಆ ಸ್ಥಾನ ಕೈತಪ್ಪಬಹುದಿತ್ತು. ಯಾವ ಬಿ.ಎ. ಪದವೀಧರನಿಗೆ ಇಂಥ ರಕ್ಷಣೆಯಾಗಲಿ ಇಂಥ ಭಯವಾಗಲಿ ಇದೆ? ಜೂರೆನ್‌ಗೆ ಸರ್ಕಾರಿ ಹುದ್ದೆಯ ಅರ್ಹತೆ ಜೀವನಪರ್ಯಂತ ಇರುತ್ತಿತ್ತು. ಜಿನ್‌ಷಿಯಾದವನು ನೇರವಾಗಿ ಅಧಿಕಾರಿ ವರ್ಗದೊಳಗೆ ಕಾಲಿಡುತ್ತಿದ್ದನು.

ಹೀಗಾಗಿ ಜುವಾಂಗ್‌ಯುವಾನ್ ಎದುರು ಯಾವ ಪದವಿಯನ್ನೂ ಬರೆಯಲಾಗದು. ಅರಮನೆಯ ಪರೀಕ್ಷೆಯಲ್ಲಿ ಮೊದಲನೆಯವನಾಗಿ ಬಂದವನಿಗೆ ಆ ಹೆಸರು. ಎರಡನೆಯವನು ಬಾಂಗ್‌ಯಾನ್, ಮೂರನೆಯವನು ತಾನ್‌ಹ್ವಾ. ಇವು ರ್‍ಯಾಂಕುಗಳು. ನಮ್ಮ ಓದುಗರಿಗೆ ಪರಿಚಿತವಾದ ಹೋಲಿಕೆ ಬೇಕೆಂದರೆ ಐ.ಎ.ಎಸ್. ಪರೀಕ್ಷೆಯಲ್ಲಿ ದೇಶಕ್ಕೆ ಮೊದಲ ಸ್ಥಾನ ಎನ್ನಿ, ಅದು ಹೆಚ್ಚು ಹತ್ತಿರ. ಆ ಹೋಲಿಕೆಗೆ ಇತಿಹಾಸದ ಆಧಾರವೂ ಸ್ವಲ್ಪ ಇದೆ: ಭಾರತದ ಸಿವಿಲ್ ಸರ್ವಿಸ್‌ಗೆ 1855ರಿಂದ ಲಂಡನ್ನಿನಲ್ಲಿ ಮುಕ್ತ ಸ್ಪರ್ಧಾತ್ಮಕ ಪರೀಕ್ಷೆ ನಡೆಸಲು ತೊಡಗಿದಾಗ, ಚೀನಾದ ಮಾದರಿ ಬ್ರಿಟಿಷರ ಕಣ್ಣ ಮುಂದಿತ್ತು ಎಂದು ವಾದಿಸುವ ಇತಿಹಾಸಕಾರರಿದ್ದಾರೆ.

ಬೆಲೆಯ ಪ್ರಶ್ನೆಗೆ ಬರುತ್ತೇನೆ. ಚಿಂಗ್ ಸರ್ಕಾರ ಹಣಕ್ಕೆ ಕೈಚಾಚಿದಾಗಲೆಲ್ಲ ಕೆಳಹಂತದ ಜಿಯೆನ್‌ಷೆಂಗ್ (ರಾಜವಿದ್ಯಾಲಯದ ವಿದ್ಯಾರ್ಥಿ) ಎಂಬ ಸ್ಥಾನವನ್ನು ಬಹಿರಂಗವಾಗಿಯೇ ಮಾರುತ್ತಿತ್ತು. ಮೇಲಿನ ಹಂತದಲ್ಲಿಯೂ ಎಲ್ಲವೂ ಶುದ್ಧವಾಗಿರಲಿಲ್ಲ. ಬೀಜಿಂಗ್‌ನಲ್ಲಿ ನಡೆದ 1858ರ ಪರೀಕ್ಷೆಯ ಅಕ್ರಮಕ್ಕಾಗಿ ಮುಖ್ಯ ಪರೀಕ್ಷಕನಾಗಿದ್ದ ಬೋ ಜುನ್ ಎಂಬ ಹಿರಿಯ ಮಂತ್ರಿಯ ತಲೆಯೇ ಹೋಯಿತು. ಆ ಕಾಲದ ಪದವಿಗಳೆಲ್ಲ ಅಪ್ಪಟ ಚಿನ್ನ, ಇಂದಿನವೆಲ್ಲ ಹಿತ್ತಾಳೆ ಎಂದು ಮಕ್ಕಳಿಗೆ ಹೇಳಬೇಡಿ ಎಂದು ವಿನಂತಿಸುತ್ತೇನೆ.

ಯಾನ್ ಫೂ ಅವರ ಜೀವನವನ್ನೇ ನೋಡಿ. 1877ರಿಂದ ಎರಡು ವರ್ಷ ಇಂಗ್ಲೆಂಡಿನ ಗ್ರೀನಿಚ್ ನೌಕಾ ಕಾಲೇಜಿನಲ್ಲಿ ಓದಿ ಬಂದು, ಟಿಯೆಂಜಿನ್‌ನ ನೌಕಾ ವಿದ್ಯಾಲಯದಲ್ಲಿ ಮುಖ್ಯ ಹುದ್ದೆಯಲ್ಲಿದ್ದ ಈ ವಿದ್ವಾಂಸ, 1885ರಿಂದ 1893ರ ನಡುವೆ ನಾಲ್ಕು ಸಲ ಜೂರೆನ್ ಪರೀಕ್ಷೆ ಬರೆದು ನಾಲ್ಕು ಸಲವೂ ಅನುತ್ತೀರ್ಣರಾದರು. ಪಾಶ್ಚಾತ್ಯ ಚಿಂತನೆಯನ್ನು ಚೀನೀ ಓದುಗರಿಗೆ ತಲುಪಿಸಿದವರಲ್ಲಿ ಅಗ್ರಗಣ್ಯರಾದ ಅವರಿಗೆ ಎಂಟು ಅಂಗಗಳ ಪ್ರಬಂಧ ಒಲಿಯಲಿಲ್ಲ. ವಿಚಿತ್ರವೆಂದರೆ, ತಾವು ಮಾಡಿರುವಂಥ ಕೋಷ್ಟಕವನ್ನು ಚಿಂಗ್ ಸರ್ಕಾರವೇ ಕೊನೆಗಾಲದಲ್ಲಿ ಮಾಡಿ ನೋಡಿತು: ಹೊಸ ವಿದ್ಯಾಲಯಗಳಿಂದ ಹೊರಬಂದವರಿಗೆ, ವಿದೇಶದಲ್ಲಿ ಓದಿ ಬಂದವರಿಗೆ ಜೂರೆನ್, ಜಿನ್‌ಷಿ ಬಿರುದುಗಳನ್ನು ಹಂಚಿತು. 1910ರ ಹೊತ್ತಿಗೆ ಯಾನ್ ಫೂ ಅವರಿಗೂ, 1881ರಲ್ಲಿ ಯೇಲ್‌ನಲ್ಲಿ ಪದವಿ ಪಡೆದು ಬೀಜಿಂಗ್–ಜಾಂಗ್‌ಜ್ಯಾಕೋ ರೈಲುಮಾರ್ಗ ಕಟ್ಟಿದ ಎಂಜಿನಿಯರ್ ಜಾನ್ ಟಿಯೆನ್‌ಯೋ ಅವರಿಗೂ ಜಿನ್‌ಷಿ ಬಿರುದು ದೊರೆಯಿತು. ಮರುವರ್ಷವೇ ಕ್ರಾಂತಿಯಾಗಿ ಆ ಬಿರುದು ಕೊಡುವ ಅರಸೊತ್ತಿಗೆಯೇ ಕುಸಿಯಿತು.

ಎರಡೂ ಲೋಕಗಳನ್ನು ಒಳಗಿನಿಂದ ಕಂಡವರು ತ್ಸಾಯ್ ಯುವಾನ್‌ಪೇ. 1892ರಲ್ಲಿ ಜಿನ್‌ಷಿಯಾಗಿ ಹಾನ್‌ಲಿನ್ ವಿದ್ವತ್ಸಂಸ್ಥೆ ಸೇರಿದ್ದ ಅವರು, ನಡುವಯಸ್ಸಿನಲ್ಲಿ ಜರ್ಮನಿಯ ಲೈಪ್‌ಜಿಗ್‌ಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. 1917ರಲ್ಲಿ ಬೀಜಿಂಗ್ ವಿಶ್ವವಿದ್ಯಾಲಯದ ಮುಖ್ಯಸ್ಥರಾದಾಗ, ವಿಶ್ವವಿದ್ಯಾಲಯ ಇರುವುದು ಆಳವಾದ ವಿದ್ಯೆಯ ಅಧ್ಯಯನಕ್ಕೆ, ಅಧಿಕಾರವನ್ನೋ ಹಣವನ್ನೋ ಬಯಸಿ ಇಲ್ಲಿಗೆ ಬರಬಾರದು ಎಂಬ ಅರ್ಥದ ಮಾತುಗಳನ್ನು ವಿದ್ಯಾರ್ಥಿಗಳ ಮುಂದೆ ಆಡಿದರು. ಪದವಿಗೂ ರಾಜಪರೀಕ್ಷೆಯ ಬಿರುದಿಗೂ ಇರುವ ಅಂತರವನ್ನು ಸ್ವತಃ ಜಿನ್‌ಷಿಯೊಬ್ಬರೇ ಗುರುತಿಸಿದ ಈ ಪ್ರಸಂಗ ತಮ್ಮ ಲೇಖನದಲ್ಲಿ ಇರಲೇಬೇಕೆಂದು ನನ್ನ ಆಸೆ.

ಕೋಷ್ಟಕವನ್ನು ಕೈಬಿಡಬೇಕಾಗಿಲ್ಲ. ಬಿ.ಎ., ಎಂ.ಎ., ಪಿಎಚ್.ಡಿ. ಇರುವ ಅಂಕಣವನ್ನು ತೆಗೆದು, ಅಲ್ಲಿ ಪ್ರತಿಯೊಂದು ಹಂತದ ಪರೀಕ್ಷೆ ಎಲ್ಲಿ ನಡೆಯುತ್ತಿತ್ತು, ಗೆದ್ದವನಿಗೆ ಯಾವ ಹಕ್ಕು ಅಥವಾ ಹುದ್ದೆ ಸಿಗುತ್ತಿತ್ತು ಎಂಬ ಎರಡು ಅಂಕಣಗಳನ್ನು ಹಾಕಿ. ಜುವಾಂಗ್‌ಯುವಾನ್ ಎದುರು ‘ಅರಮನೆಯ ಪರೀಕ್ಷೆ; ಮೊದಲ ಸ್ಥಾನ; ಹಾನ್‌ಲಿನ್ ಸಂಸ್ಥೆಗೆ ನೇರ ನೇಮಕ’ ಎಂದು ಬರೆದರೆ ಆ ಜಾಗ ತುಂಬುತ್ತದೆ.

– ಸಂಪಾದಕ