ಗುಡ್ಡದ ಗಾಳಿಯಂತ್ರ, ಚಳಿಗಾಲದ ಹಕ್ಕಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮೂರು ಬೀರೂರಿನಿಂದ ಹೆಚ್ಚು ದೂರವಿಲ್ಲ. ಊರ ಹಿಂದಿನ ಗುಡ್ಡಸಾಲಿನಲ್ಲಿ ಗಾಳಿಯಂತ್ರ ನಿಲ್ಲಿಸುವ ಮಾತು ನಡೆದಿದೆ. ಹಕ್ಕಿಗಳ ವಿಚಾರ ಕೇಳಿದಾಗ, ಕಳೆದ ಮೇ ತಿಂಗಳಿನಲ್ಲಿ ಇಬ್ಬರು ಬಂದು ಮೂರು ದಿನ ಸಮೀಕ್ಷೆ ಮಾಡಿದ್ದಾರೆ, ವಲಸೆ ಹಕ್ಕಿ ಯಾವುದೂ ಕಂಡಿಲ್ಲ ಎಂದರು. ಚಳಿಗಾಲದಲ್ಲಿ ನಮ್ಮೂರ ಹುಲ್ಲುಗಾವಲಾದ ಕಾವಲಿನ ಮೇಲೆ ಗಿಡುಗನಂಥ ಹಕ್ಕಿಗಳು ತೇಲುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಇಷ್ಟು ಸಮೀಕ್ಷೆ ಸಾಕೇ?
– ಓದುಗರು, ಕಡೂರು ತಾಲ್ಲೂಕು

ಉತ್ತರ: ಸಾಲದು. ಮೇ ತಿಂಗಳಿನಲ್ಲಿ ವಲಸೆ ಹಕ್ಕಿ ಕಾಣಲಿಲ್ಲ ಎನ್ನುವುದು ಬೇಸಿಗೆ ರಜೆಯಲ್ಲಿ ಶಾಲೆಗೆ ಹೋಗಿ ಮಕ್ಕಳೇ ಇಲ್ಲವೆಂದು ಬರೆದುಕೊಂಡು ಬಂದಂತೆ. ತಾವು ನೋಡಿದ್ದು ಬಹುಮಟ್ಟಿಗೆ ಹ್ಯಾರಿಯರ್ ಇರಬೇಕು. ನಮ್ಮ ಪಕ್ಷಿವೀಕ್ಷಕರು ಅದನ್ನು ಸೆಳೆವ ಎನ್ನುತ್ತಾರೆ. ಕಜಕಿಸ್ತಾನದಂಥ ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡುವ ಈ ಹಕ್ಕಿಗಳು ಅಕ್ಟೋಬರ್ ಹೊತ್ತಿಗೆ ನಮ್ಮ ಬಯಲುಸೀಮೆಗೆ ಇಳಿದು, ಚಳಿಗಾಲವನ್ನು ಇಲ್ಲಿಯೇ ಕಳೆದು, ಮಾರ್ಚ್–ಏಪ್ರಿಲ್ ವೇಳೆಗೆ ಹಿಂದಿರುಗುತ್ತವೆ. ಮೇ ತಿಂಗಳಿನಲ್ಲಿ ಅವು ಸಾವಿರಾರು ಕಿಲೋಮೀಟರ್ ಆಚೆ ಗೂಡಿನಲ್ಲಿರುತ್ತವೆ.

ಸರಿಯಾದ ಸಮೀಕ್ಷೆ ಒಂದು ಪೂರ್ಣ ವರ್ಷದ್ದಾಗಿರಬೇಕು, ಎರಡು ವರ್ಷದ್ದಾದರೆ ಇನ್ನೂ ಒಳ್ಳೆಯದು. ಏಕೆಂದರೆ ಮಳೆ ಹೆಚ್ಚು ಕಡಿಮೆಯಾದಂತೆ ಕೆರೆಗಳ ನೀರು, ಹುಲ್ಲಿನ ಎತ್ತರ, ಮಿಡತೆಗಳ ಸಂಖ್ಯೆ ಎಲ್ಲವೂ ಬದಲಾಗುತ್ತವೆ, ಅವುಗಳ ಹಿಂದೆಯೇ ಹಕ್ಕಿಗಳ ಸಂಖ್ಯೆಯೂ ಬದಲಾಗುತ್ತದೆ. ಗುಡ್ಡಸಾಲು ಚೆನ್ನಾಗಿ ಕಾಣುವ ಒಂದು ಎತ್ತರದ ಜಾಗದಲ್ಲಿ ಕುಳಿತು, ಹಾದುಹೋಗುವ ಪ್ರತಿ ದೊಡ್ಡ ಹಕ್ಕಿಯ ಜಾತಿ, ಬಂದ ದಿಕ್ಕು, ಹಾರಿದ ಎತ್ತರ, ಆ ಎತ್ತರದಲ್ಲಿ ಕಳೆದ ಸಮಯ ಇಷ್ಟನ್ನೂ ಬರೆದುಕೊಳ್ಳುವುದು ಇದರ ಮುಖ್ಯ ಕ್ರಮ. ಇಂಥ ಪ್ರತಿ ವೀಕ್ಷಣಾ ಸ್ಥಳದಲ್ಲಿ ಒಂದೊಂದು ಋತುವಿಗೆ ಕನಿಷ್ಠ 36 ಗಂಟೆ ಕೂರಬೇಕೆಂದು ಸ್ಕಾಟ್ಲೆಂಡಿನ ಸರ್ಕಾರಿ ಮಾರ್ಗಸೂಚಿ ಹೇಳುತ್ತದೆ. ಇಂದಿನ ದೊಡ್ಡ ಯಂತ್ರಗಳ ಅಲಗಿನ ತುದಿ ನೆಲದಿಂದ 200 ಮೀಟರ್‌ವರೆಗೂ ಏರುವುದರಿಂದ, ಹಕ್ಕಿ 20 ಮೀಟರ್ ಎತ್ತರದಲ್ಲಿ ಹೋಯಿತೇ, 120 ಮೀಟರ್ ಎತ್ತರದಲ್ಲಿ ಹೋಯಿತೇ ಎಂಬುದೇ ಇಡೀ ಲೆಕ್ಕದ ತಿರುಳು.

ಆ ಲೆಕ್ಕವನ್ನೂ ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ವರದಿಗಳಲ್ಲಿ ಜನರ ಕಣ್ಣು ತಪ್ಪುವುದು ಇಲ್ಲಿಯೇ. ಅಲಗುಗಳು ತಿರುಗುವ ವೃತ್ತದೊಳಗೆ ಒಂದು ಜಾತಿಯ ಹಕ್ಕಿ ವರ್ಷಕ್ಕೆ 1,000 ಬಾರಿ ಹಾದುಹೋಗುತ್ತದೆ ಎಂದುಕೊಳ್ಳಿ. ಹಕ್ಕಿ ಕಣ್ಣುಮುಚ್ಚಿ ಹಾರಿದರೆ ಹತ್ತರಲ್ಲಿ ಒಂದು ಸಲ ಪೆಟ್ಟು ಬೀಳುತ್ತದೆ ಎಂದಾದರೆ ಸಾವು 100. ಆದರೆ ಹಕ್ಕಿ ನೋಡಿ ತಪ್ಪಿಸಿಕೊಳ್ಳುತ್ತದೆ. ಶೇ 98 ಸಲ ತಪ್ಪಿಸಿಕೊಳ್ಳುತ್ತದೆ ಎಂದು ಊಹಿಸಿದರೆ ಸಾವು 2, ಶೇ 99 ಎಂದು ಊಹಿಸಿದರೆ 1. ಕೇವಲ ಒಂದು ಅಂಕಿಯ ವ್ಯತ್ಯಾಸ, ಆದರೆ ಸಾವಿನ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. 25 ವರ್ಷ ನಡೆಯುವ ಯಂತ್ರಕ್ಕೆ ಅದು 50 ಮತ್ತು 25ರ ನಡುವಿನ ಅಂತರ. ಆದ್ದರಿಂದ ವರದಿ ಕೈಗೆ ಬಂದಾಗ ತಾವು ಮೊದಲು ಕೇಳಬೇಕಾದದ್ದು ಎರಡು ಪ್ರಶ್ನೆ: ಯಾವ ತಿಂಗಳುಗಳಲ್ಲಿ ಎಷ್ಟು ಗಂಟೆ ಕುಳಿತಿರಿ, ತಪ್ಪಿಸಿಕೊಳ್ಳುವ ಪ್ರಮಾಣವನ್ನು ಎಷ್ಟೆಂದು ಹಿಡಿದಿರಿ.

ಸೆಳೆವಗಳ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಬೇಟೆಯ ಹೊತ್ತಿನಲ್ಲಿ ಅವು ಹುಲ್ಲಿನ ಮೇಲೆಯೇ ತೀರಾ ತಗ್ಗಿನಲ್ಲಿ ತೇಲುವುದರಿಂದ ಅಲಗಿಗೆ ಸಿಗುವ ಸಂಭವ ಕಡಿಮೆ. ಅವುಗಳಿಗೆ ದೊಡ್ಡ ಆಪತ್ತು ಮಲಗುವ ಜಾಗ ಕಳೆದುಕೊಳ್ಳುವುದು. ಸೆಳೆವ ಮರದ ಮೇಲೆ ಮಲಗುವ ಹಕ್ಕಿಯಲ್ಲ; ಸಂಜೆಗೆ ಕಾವಲಿನ ಎತ್ತರದ ಹುಲ್ಲಿನೊಳಗೆ ನೆಲದ ಮೇಲೆಯೇ ಗುಂಪಾಗಿ ಇಳಿಯುತ್ತದೆ. ಮರುದಿನ ಬೆಳಿಗ್ಗೆ ಅಲ್ಲಿಗೆ ಹೋದರೆ ತುಳಿದ ಹುಲ್ಲಿನ ನಡುವೆ ಜೀರ್ಣವಾಗದ್ದನ್ನು ಹಕ್ಕಿ ಬಾಯಿಂದ ಉಗುಳಿದ, ಹೆಬ್ಬೆರಳಿನಷ್ಟು ದಪ್ಪದ ಒಣಗಿದ ಉಂಡೆಗಳು ಸಿಗುತ್ತವೆ. ಒಂದನ್ನು ಒಡೆದು ನೋಡಿ: ಮಿಡತೆಯ ಕಾಲು, ಮಿಡತೆಯ ದವಡೆ, ಅಲ್ಲೊಂದು ಇಲಿಯ ಕೂದಲು. ರಾಗಿ, ಕಡಲೆ ಬೆಳೆಯುವ ನಮ್ಮ ರೈತರಿಗೆ ಈ ಹಕ್ಕಿ ಮಾಡುತ್ತಿರುವ ಉಪಕಾರ ಆ ಉಂಡೆಯಲ್ಲಿಯೇ ಇದೆ. ಇಂಥ ಹುಲ್ಲಿನ ನಡುವೆ ಯಂತ್ರದ ಅಡಿಪಾಯ, ಕ್ರೇನ್ ಬರಲು ಅಗಲ ರಸ್ತೆ, ವಿದ್ಯುತ್ ಕಂಬಗಳು ಬಂದರೆ, ಅಲಗು ಒಂದು ಸುತ್ತು ತಿರುಗುವ ಮೊದಲೇ ಆ ತಾಣ ಮುಗಿದುಹೋಗುತ್ತದೆ. ತಮ್ಮ ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಪ್ರದೇಶವಾಗಿ ಉಳಿದಿರುವುದರ ಬೆಲೆ ಹಕ್ಕಿಗಳಿಗೂ ಸೇರಿದ್ದು. ಆದರೆ ಮೀಸಲಿನ ಗಡಿ ಹಕ್ಕಿಗೆ ಗೊತ್ತಿಲ್ಲ.

ಕಾನೂನಿನ ಸ್ಥಿತಿಯನ್ನೂ ತಿಳಿದಿರಬೇಕು. ಪರಿಸರ ಪರಿಣಾಮ ಅಂದಾಜಿನ 2006ರ ಕೇಂದ್ರ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಯೋಜನೆಗಳು ಇಲ್ಲ. ಹೀಗಾಗಿ ಅರಣ್ಯ ಭೂಮಿಯಲ್ಲದ ಕಡೆ ಹಕ್ಕಿಗಳ ಅಧ್ಯಯನವೂ ಸಾರ್ವಜನಿಕ ಅಹವಾಲು ಸಭೆಯೂ ಆ ಅಧಿಸೂಚನೆಯಡಿ ಕಡ್ಡಾಯವಲ್ಲ. ಇದು ಬದಲಾಗಲೇಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅಲ್ಲಿಯವರೆಗೆ ತಮ್ಮ ಕೈಯಲ್ಲಿರುವುದು ಗ್ರಾಮ ಪಂಚಾಯಿತಿ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇಟ್ಟಿರಬೇಕು. ಕಾವಲಿನ ಚಳಿಗಾಲದ ಹಕ್ಕಿಗಳು ದಿನಾಂಕ ಸಹಿತ ಅದರೊಳಗೆ ಸೇರಲಿ. ಇದರ ಜೊತೆಗೆ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಾಗೂ ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಸೇರಿ ರೂಪಿಸಿದ, 2022ರಲ್ಲಿ ಬಿಡುಗಡೆಯಾದ ಅವಿಸ್ಟೆಪ್ ಎಂಬ ಅಂತರ್ಜಾಲ ನಕ್ಷೆಯಲ್ಲಿ ಭಾರತದ ಯಾವ ಭಾಗ ಹಕ್ಕಿಗಳ ದೃಷ್ಟಿಯಿಂದ ಎಷ್ಟು ಸೂಕ್ಷ್ಮ ಎಂಬುದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು.

ಪ್ರಶ್ನೆ: ನಾನು ಕಾಲೇಜು ಅಧ್ಯಾಪಕಿ. ವಿದ್ಯಾರ್ಥಿಗಳೊಂದಿಗೆ ಗಾಳಿಯಂತ್ರಗಳಿರುವ ಒಂದು ಗುಡ್ಡಕ್ಕೆ ಹೋಗಿದ್ದಾಗ ಅಲ್ಲಿಯ ಕಾವಲುಗಾರರು, ‘ಇಷ್ಟು ವರ್ಷದಲ್ಲಿ ಸತ್ತ ಹಕ್ಕಿ ನೋಡಿದ್ದು ಒಂದೋ ಎರಡೋ’ ಎಂದರು. ಹಾಗಿದ್ದರೆ ಅಪಾಯವನ್ನು ನಾವೇ ದೊಡ್ಡದು ಮಾಡಿ ಹೇಳುತ್ತಿದ್ದೇವೆಯೇ?
– ಓದುಗರು, ಹಾಸನ

ಉತ್ತರ: ಕಾವಲುಗಾರರು ಸುಳ್ಳು ಹೇಳಿಲ್ಲ. ಆದರೆ ಕಂಡದ್ದೇ ಸತ್ತದ್ದರ ಲೆಕ್ಕವಲ್ಲ. ಕೆಲವು ವರ್ಷಗಳ ಹಿಂದೆ ನಾನೂ ಒಬ್ಬ ಸ್ನೇಹಿತರೂ ಇಂಥದೇ ಒಂದು ಗುಡ್ಡದಲ್ಲಿ ಯಂತ್ರದ ಬುಡದಿಂದ ಐದೈದು ಮೀಟರ್ ಅಂತರದಲ್ಲಿ ಸಾಲುಹಿಡಿದು ನಡೆದೆವು. ಎರಡು ಗಂಟೆಯಲ್ಲಿ ಸಿಕ್ಕಿದ್ದು ಲಂಟಾನದ ಬುಡದಲ್ಲಿದ್ದ ಹದ್ದಿನ ಒಂದು ರೆಕ್ಕೆ, ಭುಜದ ಹತ್ತಿರ ಕತ್ತರಿಸಿದಂತೆ ಬೇರ್ಪಟ್ಟದ್ದು, ಮೂಳೆಯ ಸುತ್ತ ಇರುವೆ ಮುತ್ತಿದ್ದವು. ದೇಹ ಎಲ್ಲಿಯೂ ಇರಲಿಲ್ಲ. ನರಿ, ನಾಯಿ, ಮುಂಗುಸಿ, ಕಾಗೆ ಇವು ನಮಗಿಂತ ಮೊದಲೇ ಬಂದು ಹೋಗಿದ್ದವು. ಗುಬ್ಬಿಯಷ್ಟು ಚಿಕ್ಕ ಹಕ್ಕಿಯಾದರೆ ಒಂದು ರಾತ್ರಿಯೂ ಉಳಿಯುವುದು ಕಷ್ಟ.

ಅದಕ್ಕಾಗಿಯೇ ಸಂಶೋಧಕರು ತಮ್ಮ ಹುಡುಕಾಟವನ್ನೇ ಮೊದಲು ಪರೀಕ್ಷಿಸುತ್ತಾರೆ. ತಮ್ಮ ವಿದ್ಯಾರ್ಥಿಗಳೂ ಇದನ್ನು ಮಾಡಬಹುದು. ಸತ್ತ 30 ಕೋಳಿಮರಿಗಳನ್ನು ಗುರುತು ಹಾಕಿ ಬೇರೆ ಬೇರೆ ಕಡೆ ಇಡಿ. ವಾರದ ನಂತರ 15 ಮಾತ್ರ ಉಳಿದಿದ್ದು, ಜಾಗ ಗೊತ್ತಿಲ್ಲದವರು ಹುಡುಕಿದಾಗ ಅವುಗಳಲ್ಲಿ 10 ಸಿಕ್ಕರೆ, ಇಟ್ಟದ್ದರಲ್ಲಿ ಮೂರನೆಯ ಒಂದು ಪಾಲು ಮಾತ್ರ ಕಣ್ಣಿಗೆ ಬಿತ್ತು ಎಂದಾಯಿತು. ಹಾಗಾದರೆ ನಿಜವಾದ ಹುಡುಕಾಟದಲ್ಲಿ 4 ಹಕ್ಕಿ ಸಿಕ್ಕಿದ್ದರೆ ಸತ್ತದ್ದು ಸುಮಾರು 12. ಯಂತ್ರದ ಸುತ್ತಲಿನ ಅರ್ಧ ಜಾಗ ಕಡಿದಾದ ಇಳಿಜಾರು, ಮುಳ್ಳುಪೊದೆ ಎಂದು ಬಿಟ್ಟಿದ್ದರೆ 24. ಈ ತಿದ್ದುಪಡಿ ಮಾಡದ ಯಾವ ಅಂಕಿಯನ್ನೂ, ಅದು ಹೆಚ್ಚು ಹೇಳಲಿ, ಕಡಿಮೆ ಹೇಳಲಿ, ನಂಬಬಾರದು.

ಹುಡುಕುವಾಗ ವಿದ್ಯುತ್ ತಂತಿಯ ಕೆಳಗೂ ನಡೆಯಿರಿ. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಬರುವ ಪಟ್ಟೆತಲೆ ಹೆಬ್ಬಾತಿನಂಥ ಭಾರದ ಹಕ್ಕಿಗಳು ಮುಂಜಾನೆ, ಮುಸ್ಸಂಜೆಯ ಮಬ್ಬಿನಲ್ಲಿ ಕೆರೆಗೂ ಗದ್ದೆಗೂ ನಡುವೆ ಹಾರುತ್ತವೆ. ತೆಳ್ಳನೆಯ ತಂತಿ ಕಾಣುವ ಹೊತ್ತಿಗೆ ಅವುಗಳಿಗೆ ತಿರುಗಲು ಸಮಯವಿರುವುದಿಲ್ಲ. ರಾಜಸ್ಥಾನ, ಗುಜರಾತಿನ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ವಿಚಾರ ಸುಪ್ರೀಂ ಕೋರ್ಟಿನವರೆಗೆ ಹೋಗಿ 2021ರಲ್ಲಿ ಆದೇಶ ಹೊರಬಿದ್ದದ್ದು ಮುಖ್ಯವಾಗಿ ಈ ತಂತಿಗಳಿಂದಲೇ. ಕೆರೆಯ ಬಳಿ ತಂತಿಗೆ ತೂಗುಬಿಲ್ಲೆಗಳನ್ನು ಕಟ್ಟುವುದು, ಸಾಧ್ಯವಿರುವ ಕಡೆ ಕೇಬಲ್ಲನ್ನು ನೆಲದಡಿ ಒಯ್ಯುವುದು ಯೋಜನೆಯ ಮೊದಲ ದಿನದ ಖರ್ಚಿನಲ್ಲಿಯೇ ಸೇರಬೇಕು.

ಪ್ರಶ್ನೆ: ಯಂತ್ರಗಳು ಈಗಾಗಲೇ ನಿಂತಿರುವ ಕಡೆ ಏನಾದರೂ ಮಾಡಲು ಸಾಧ್ಯವೇ? ಹಕ್ಕಿಗಾಗಿ ಯಂತ್ರ ನಿಲ್ಲಿಸಿ ಎಂದರೆ ನಷ್ಟದ ಲೆಕ್ಕ ಹೇಳುತ್ತಾರೆ.
– ಓದುಗರು, ಅರಸೀಕೆರೆ

ಉತ್ತರ: ಖಂಡಿತ ಸಾಧ್ಯವಿದೆ, ಮತ್ತು ನಮ್ಮ ಭಾಗದಲ್ಲಿ ಅದು ಬೇರೆ ದೇಶಗಳಿಗಿಂತ ಸುಲಭ ಎಂದು ನಾನು ನಂಬಿದ್ದೇನೆ. ಕಾರಣ ನಮ್ಮ ಮುಂಗಾರು. ಕರ್ನಾಟಕದಲ್ಲಿ ಗಾಳಿಯಿಂದ ವರ್ಷವಿಡೀ ಸಿಗುವ ವಿದ್ಯುತ್ತಿನ ಹೆಚ್ಚಿನ ಪಾಲು ನೈಋತ್ಯ ಮಾರುತ ಬೀಸುವ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಲ್ಲಿ ಬರುತ್ತದೆ. ಉತ್ತರದಿಂದ ಬರುವ ವಲಸೆ ಹಕ್ಕಿಗಳು ಇಲ್ಲಿರುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಗಾಳಿಯ ಸುಗ್ಗಿ ಒಂದು ಕಾಲದಲ್ಲಿ, ಹಕ್ಕಿಯ ಸುಗ್ಗಿ ಇನ್ನೊಂದು ಕಾಲದಲ್ಲಿ. ಇದಕ್ಕೆ ಗಾಳಿಯ ಸ್ವಭಾವವನ್ನೂ ಸೇರಿಸಿ ನೋಡಿ. ಗಾಳಿಯ ವೇಗ ಇಮ್ಮಡಿಯಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ತಿರುಗಿಸಿ ಹೇಳಿದರೆ, ಮಂದಗಾಳಿಯ ದಿನ ಯಂತ್ರ ತಿರುಗಿದರೂ ಹುಟ್ಟುವ ವಿದ್ಯುತ್ ಅತ್ಯಲ್ಪ. ವಲಸೆಯ ಕಾಲದ ಅಂಥ ದಿನಗಳಲ್ಲಿ ಕೆಲವು ಗಂಟೆ ಯಂತ್ರ ನಿಲ್ಲಿಸುವುದರಿಂದ ಕಳೆದುಕೊಳ್ಳುವುದು ಬಹಳ ಕಡಿಮೆ. ರಾತ್ರಿ ಮಂದಗಾಳಿಯಲ್ಲಿ ಅಲಗುಗಳನ್ನು ನಿಲ್ಲಿಸಿದರೆ ಬಾವಲಿಗಳ ಸಾವೂ ಅರ್ಧದಷ್ಟಾದರೂ ಇಳಿಯುತ್ತದೆಂದು ಅಮೆರಿಕದ ಪ್ರಯೋಗಗಳು ತೋರಿಸಿವೆ.

ನಷ್ಟದ ಲೆಕ್ಕ ಕೇಳಿದವರಿಗೆ ಸ್ಪೇನಿನ ಕಾಡಿಸ್ ಪ್ರಾಂತ್ಯದ ಉದಾಹರಣೆ ಕೊಡಿ. ಜಿಬ್ರಾಲ್ಟರ್ ಜಲಸಂಧಿಯ ಪಕ್ಕದ ಆ ಗುಡ್ಡಗಳ ಮೇಲಿಂದ ಯೂರೋಪಿನ ರಣಹದ್ದುಗಳು ಆಫ್ರಿಕಾಕ್ಕೆ ದಾಟುತ್ತವೆ. ಹಗಲೆಲ್ಲ ವೀಕ್ಷಕರನ್ನು ಕೂರಿಸಿ, ಹಕ್ಕಿ ಅಪಾಯದ ದಾರಿಗೆ ಬಂದಾಗ ಆ ಒಂದು ಯಂತ್ರವನ್ನು ಮಾತ್ರ ನಿಲ್ಲಿಸುವ ಏರ್ಪಾಡು ಅಲ್ಲಿ ನಡೆಯಿತು. 2012ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ರಣಹದ್ದುಗಳ ಸಾವು ಅರ್ಧಕ್ಕೆ ಇಳಿಯಿತು, ವಿದ್ಯುತ್ ಉತ್ಪಾದನೆಯಲ್ಲಿ ಆದ ಕೊರತೆ ವರ್ಷಕ್ಕೆ ಶೇ 0.07. ಈಗ ಹದ್ದನ್ನು ದೂರದಿಂದಲೇ ಗುರುತಿಸಿ ಯಂತ್ರಕ್ಕೆ ಸೂಚನೆ ಕೊಡುವ ಕ್ಯಾಮೆರಾಗಳೂ ಬಂದಿವೆ. ಆದರೂ ನಮ್ಮಲ್ಲಿ ಊರಿನ ನಾಲ್ವರು ಯುವಕರಿಗೆ ತರಬೇತಿ ಕೊಟ್ಟು ದುರ್ಬೀನು ಹಿಡಿಸಿ ಕೂರಿಸುವುದು ಹೆಚ್ಚು ಒಳ್ಳೆಯದೆನಿಸುತ್ತದೆ. ಗುಡ್ಡ ಅವರಿಗೆ ಗೊತ್ತು, ಕೆಲಸವೂ ಸಿಗುತ್ತದೆ.

ಅಲಗಿಗೆ ಬಣ್ಣ ಹಚ್ಚುವ ಉಪಾಯವನ್ನು ನಾರ್ವೆಯಲ್ಲಿ ಪರೀಕ್ಷಿಸಿದ್ದಾರೆ. ಅಲಗಿನ ತುದಿ ಗಂಟೆಗೆ 250 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಸಾಗುವುದರಿಂದ ಹತ್ತಿರ ಬಂದ ಹಕ್ಕಿಗೆ ಅದು ಮಂಜಿನಂತೆ ಕರಗಿ ಕಾಣುತ್ತದೆ. ಮೂರರಲ್ಲಿ ಒಂದಕ್ಕೆ ಕಪ್ಪು ಬಣ್ಣವಿದ್ದರೆ ಚಲನೆ ಕಣ್ಣಿಗೆ ಬೀಳುತ್ತದೆ. ಸ್ಮೋಲಾ ದ್ವೀಪದಲ್ಲಿ ನಾಲ್ಕು ಯಂತ್ರಗಳಿಗೆ ಹೀಗೆ ಮಾಡಿದಾಗ ಹಕ್ಕಿಗಳ ಸಾವು ಶೇ 70ಕ್ಕೂ ಹೆಚ್ಚು ಇಳಿಯಿತೆಂದು 2020ರಲ್ಲಿ ವರದಿಯಾಯಿತು. ನಾಲ್ಕೇ ಯಂತ್ರಗಳ ಪ್ರಯೋಗವಾದ್ದರಿಂದ ಅದನ್ನೇ ಪೂರ್ತಿ ನೆಚ್ಚಿಕೊಳ್ಳುವುದು ಬೇಡ. ಹೊಸ ಅಲಗನ್ನು ಮೇಲೆತ್ತುವ ಮೊದಲೇ ಬಳಿದರೆ ಖರ್ಚು ಕಡಿಮೆ, ಆದ್ದರಿಂದ ಪ್ರಯತ್ನಿಸಿ ನೋಡಲು ಅಡ್ಡಿಯಿಲ್ಲ.

ಪ್ರಶ್ನೆ: ಬೆಕ್ಕುಗಳು, ಗಾಜಿನ ಕಟ್ಟಡಗಳು ಇದಕ್ಕಿಂತ ಎಷ್ಟೋ ಹೆಚ್ಚು ಹಕ್ಕಿಗಳನ್ನು ಕೊಲ್ಲುತ್ತವಂತೆ. ಹಾಗಿರುವಾಗ ಗಾಳಿ ವಿದ್ಯುತ್ತನ್ನು ವಿರೋಧಿಸುವುದು ಸರಿಯೇ?
– ವಿದ್ಯಾರ್ಥಿ, ಬೇಲೂರು

ಉತ್ತರ: ಗಾಳಿ ವಿದ್ಯುತ್ತನ್ನು ನಾನು ವಿರೋಧಿಸುವುದಿಲ್ಲ. ಕಲ್ಲಿದ್ದಲಿನ ಹೊಗೆ, ಏರುತ್ತಿರುವ ತಾಪ ಇವು ಹಕ್ಕಿಗಳಿಗೂ ಕೇಡೇ. ಆದರೆ ಬೆಕ್ಕಿನ ಹೋಲಿಕೆ ಇಲ್ಲಿ ಸಲ್ಲದು. ಬೆಕ್ಕು ಹಿಡಿಯುವುದು ಹೆಚ್ಚಾಗಿ ವರ್ಷಕ್ಕೆ ಎರಡು ಮೂರು ಸಲ ಮರಿ ಮಾಡುವ ಚಿಕ್ಕ ಹಕ್ಕಿಗಳನ್ನು. ಅಲಗಿಗೆ ಸಿಗುವವು ಗುಡ್ಡದ ಅಂಚಿನ ಏರುಗಾಳಿಯಲ್ಲಿ ತೇಲುವ ಹದ್ದು, ಗಿಡುಗ, ರಣಹದ್ದುಗಳು. ದೊಡ್ಡ ಹದ್ದು ಹಲವು ವರ್ಷ ಬದುಕಿದ ಮೇಲೆಯೇ ಗೂಡು ಕಟ್ಟುತ್ತದೆ, ವರ್ಷಕ್ಕೆ ಒಂದೋ ಎರಡೋ ಮೊಟ್ಟೆ ಇಡುತ್ತದೆ. ಅದರಲ್ಲಿ ಒಂದು ಸತ್ತರೂ ತುಂಬಿ ಬರುವುದಕ್ಕೆ ವರ್ಷಗಳೇ ಬೇಕು.

ಬೇಟೆಹಕ್ಕಿ ಹೋದರೆ ಅದರೊಂದಿಗೇ ವಿಷಯ ಮುಗಿಯುವುದೂ ಇಲ್ಲ. ಮಹಾರಾಷ್ಟ್ರದ ಸಾತಾರದ ಚಾಲ್ಕೇವಾಡಿ ಪ್ರಸ್ಥಭೂಮಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಂತ್ರಗಳಿರುವ ಕಡೆ ಬೇಟೆಹಕ್ಕಿಗಳು ಯಂತ್ರಗಳಿಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆಯಿದ್ದವು. ಅವು ಸತ್ತಿರಲೇಬೇಕೆಂದಿಲ್ಲ, ಜಾಗ ಬಿಟ್ಟು ಹೋಗಿದ್ದರೂ ಫಲ ಒಂದೇ. ಹಿಡಿಯುವವರಿಲ್ಲದ್ದರಿಂದ ಅಲ್ಲಿಯ ಬೀಸಣಿಗೆ ಗಂಟಲಿನ ಹಲ್ಲಿಗಳು ಹೆಚ್ಚಾಗಿದ್ದವು, ಅವುಗಳ ನಡವಳಿಕೆಯೇ ಬದಲಾಗಿತ್ತು.

ಪ್ರಶ್ನೆ: ನಾನು ಪಕ್ಷಿತಜ್ಞನಲ್ಲ. ನನ್ನಂಥವರು ಏನು ಮಾಡಬಹುದು?
– ಓದುಗರು, ತರೀಕೆರೆ

ಉತ್ತರ: ನವೆಂಬರ್‌ನಿಂದ ಫೆಬ್ರವರಿವರೆಗೆ ತಿಂಗಳಿಗೆ ಎರಡು ಸಂಜೆ ಸಾಕು. ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ ಹತ್ತಿರದ ಹುಲ್ಲುಗಾವಲಿನ ಅಂಚಿನಲ್ಲಿ, ಬೆಳಕು ಬೆನ್ನಿಗಿರುವಂತೆ ಕುಳಿತುಕೊಳ್ಳಿ. ನೆಲಕ್ಕಿಳಿಯುವ ಸೆಳೆವಗಳನ್ನು ಎಣಿಸಿ, ಎದ್ದು ಮತ್ತೆ ಕೂತದ್ದನ್ನು ಎರಡು ಸಲ ಎಣಿಸಬೇಡಿ, ಹುಲ್ಲಿನೊಳಗೆ ಹೆಜ್ಜೆಯಿಡಬೇಡಿ. ದಿನಾಂಕ, ಸಮಯ, ಸಂಖ್ಯೆ, ಜಾಗ ಬರೆದು ಇ–ಬರ್ಡ್ ಎಂಬ ಹಕ್ಕಿಗಳ ದಾಖಲೆಯ ಜಾಲತಾಣಕ್ಕೆ ಸೇರಿಸಿ, ಒಂದು ಪ್ರತಿಯನ್ನು ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಹಕ್ಕಿ ಒಂದೂ ಇಳಿಯದ ಸಂಜೆಯನ್ನೂ ಸೊನ್ನೆ ಎಂದು ತಪ್ಪದೆ ಬರೆಯಿರಿ. ಮುಂದೆ ಆ ಗುಡ್ಡಕ್ಕೆ ಯಾರಾದರೂ ವರದಿ ಹಿಡಿದು ಬಂದಾಗ ಪಕ್ಕದಲ್ಲಿಟ್ಟು ನೋಡಲು ಆ ಪುಟ ಇರುತ್ತದೆ.