ಫ್ರೇಮಿನ ಮೂಲೆ ಕೂಡುತ್ತಿಲ್ಲವೇ?

ಪ್ರಶ್ನೆ: ಟೇಬಲ್ ಸಾ (ಮೇಜಿನ ನಡುವೆ ಗರಗಸದ ಬ್ಲೇಡ್ ಇರುವ ಯಂತ್ರ) ಮೇಲಿನ ಕೋನದ ಗೇಜನ್ನು 45 ಡಿಗ್ರಿಗೆ ಇಟ್ಟೇ ಫೋಟೊ ಫ್ರೇಮಿನ ಪಟ್ಟಿ ಕೊಯ್ಯುತ್ತೇನೆ. ಮೂರು ಮೂಲೆ ಕೂಡುತ್ತವೆ, ನಾಲ್ಕನೆಯದು ಬಾಯಿ ಬಿಡುತ್ತದೆ. ಏಕೆ?

ಉತ್ತರ: ಒಂದು ಫ್ರೇಮಿಗೆ ಎಂಟು ಕೊಯ್ತ. ಪ್ರತಿಯೊಂದರಲ್ಲೂ ಅರ್ಧ ಡಿಗ್ರಿ ತಪ್ಪಿದರೆ ಕೊನೆಯ ಮೂಲೆಗೆ ನಾಲ್ಕು ಡಿಗ್ರಿ ಸೇರುತ್ತದೆ. ಗೇಜನ್ನು ಬಿಟ್ಟು ಜಾರುಹಲಗೆ, ಅಂದರೆ ಪಟ್ಟಿಯನ್ನು ಮೇಲಿಟ್ಟು ಬ್ಲೇಡಿನತ್ತ ತಳ್ಳುವ ಹಲಗೆ, ಮಾಡಿಕೊಳ್ಳಿ.

12 ಮಿ.ಮೀ. ಪ್ಲೈವುಡ್, ಸುಮಾರು 60×45 ಸೆಂ.ಮೀ. ಅಡಿಯಲ್ಲಿ ಮೇಜಿನ ಗಾಡಿಗಳಿಗೆ (ಉದ್ದ ತೋಡುಗಳಿಗೆ) ಸರಿಹೊಂದುವ ಎರಡು ತೇಗದ ಪಟ್ಟಿ. ಸ್ಕ್ರೂಗೆ ಮೊದಲೇ ತೂತು ಕೊರೆಯಿರಿ. ಇಲ್ಲದಿದ್ದರೆ ಪಟ್ಟಿ ಉಬ್ಬಿ ಗಾಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲೂ ಮರ ಉಬ್ಬುತ್ತದೆ, ಆಗ ತುಸು ಉಜ್ಜಿ ಮೇಣ ಹಚ್ಚಿ. ಹಲಗೆಯ ಮುಂದೆ, ಹಿಂದೆ ಅಡ್ಡಪಟ್ಟಿ ಇರಲೇಬೇಕು, ಬ್ಲೇಡಿನ ಸೀಳು ಹಲಗೆಯನ್ನು ಎರಡಾಗಿಸಬಾರದು. ಬ್ಲೇಡ್ ಹೊರಬರುವ ಕಡೆ ದಪ್ಪ ಮರದ ತುಂಡು ಅಂಟಿಸಿ, ಕೈಗೆ ಅದೇ ಕಾವಲು.

ಈಗ ಮುಖ್ಯ ವಿಷಯ. ಹಲಗೆಯ ಮೇಲೆ ಕೂರಿಸುವ ಎರಡು ಆನಿಕೆಪಟ್ಟಿಗಳು (ಫ್ರೇಮಿನ ಪಟ್ಟಿ ಒರಗಿ ನಿಲ್ಲುವ ಪಟ್ಟಿಗಳು) ಪರಸ್ಪರ ನಿಖರ 90 ಡಿಗ್ರಿ ಇರಬೇಕು. ಅವು ಕೂಡುವ ಮೂಲೆಯಿಂದ ಒಂದರ ಮೇಲೆ 30, ಇನ್ನೊಂದರ ಮೇಲೆ 40 ಸೆಂ.ಮೀ. ಗುರುತು ಹಾಕಿ, ಗುರುತುಗಳ ನಡುವೆ ಕರ್ಣ 50 ಬಂದರೆ ಸರಿ. ಆಗ ಬ್ಲೇಡಿಗೆ ಒಂದು ಕಡೆ 44.8, ಇನ್ನೊಂದು ಕಡೆ 45.2 ಆದರೂ ಚಿಂತೆಯಿಲ್ಲ, ಕೂಡಿದರೆ 90. ಆದರೆ ಪ್ರತಿ ಮೂಲೆಯ ಒಂದು ತುದಿಯನ್ನು ಎಡಗಡೆ, ಜೋಡಿಯನ್ನು ಬಲಗಡೆಯೇ ಕೊಯ್ಯಬೇಕು.

ಮೂಲೆಯ ಬಿರುಕು ಫ್ರೇಮಿನ ಒಳಬದಿಗಿದ್ದರೆ ಎರಡು ಕೋನಗಳ ಮೊತ್ತ 90ಕ್ಕಿಂತ ಕಡಿಮೆ, ಹೊರಬದಿಗಿದ್ದರೆ ಹೆಚ್ಚು. ಕೋನ ಸರಿಯಿದ್ದೂ ಕೂಡದಿದ್ದರೆ ಎದುರುಬದುರು ಪಟ್ಟಿಗಳ ಉದ್ದ ನೋಡಿ. ಆನಿಕೆಪಟ್ಟಿಗೆ ತಡೆತುಂಡು (ಪಟ್ಟಿಯ ತುದಿ ತಾಗಿ ನಿಲ್ಲುವ ಮರದ ತುಂಡು) ಕ್ಲಾಂಪ್ ಮಾಡಿ ಕೊಯ್ದರೆ ಅವು ಸಮವಾಗುತ್ತವೆ.