ಜಾಝ್ ಪಿಯಾನೋ ಟ್ರಿಯೋಗಳ ಲೈವ್ ರೆಕಾರ್ಡಿಂಗ್ ಜನಕ್ಕೆ ಯಾಕೆ ಅಷ್ಟು ಇಷ್ಟ?

ಮೂವರು ಒಬ್ಬರನ್ನೊಬ್ಬರು ಕೇಳಿಸಿಕೊಂಡು, ಅಲ್ಲೇ ಉತ್ತರ ಕೊಡುವುದು ನಮಗೂ ಕೇಳಿಸುತ್ತದೆ. ಅದಕ್ಕೇ.

ಟ್ರಿಯೋ ಅಂದರೆ ಸಾಮಾನ್ಯವಾಗಿ ಪಿಯಾನೋ, ಡ್ರಮ್ಸ್ ಮತ್ತು ಡಬಲ್ ಬಾಸ್, ಅಂದರೆ ನಿಂತುಕೊಂಡು ಬೆರಳಲ್ಲಿ ಮೀಟುವ ಆಳುದ್ದದ ತಂತಿವಾದ್ಯ. ಹಾಡಿನ ಧಾಟಿ, ಅದರ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಸರಣಿ ಮೊದಲೇ ಗೊತ್ತಿರುತ್ತದೆ. ಉಳಿದದ್ದು ಬಹುಪಾಲು ಅಲ್ಲೇ ಹುಟ್ಟಬೇಕು. ದೊಡ್ಡ ಬ್ಯಾಂಡ್‌ನಲ್ಲಿ ಒಬ್ಬರ ಸಣ್ಣ ಬದಲಾವಣೆ ಗದ್ದಲದಲ್ಲಿ ಕರಗಿಹೋಗುತ್ತದೆ. ಮೂವರೇ ಇದ್ದಾಗ ಅಡಗಿಕೊಳ್ಳಲು ಜಾಗವೇ ಇಲ್ಲ. ಪಿಯಾನೋ ಒಂದು ಕ್ಷಣ ಸುಮ್ಮನಾದರೆ ಬಾಸ್ ಆ ಖಾಲಿ ಜಾಗಕ್ಕೆ ನುಗ್ಗುತ್ತದೆ, ಡ್ರಮ್ಸ್ ದನಿ ತಗ್ಗಿಸುತ್ತದೆ. ಸ್ಟುಡಿಯೋದಲ್ಲಾದರೆ ಇನ್ನೊಂದು ಟೇಕ್ ತಗೋಬಹುದು. ಜನರ ಮುಂದೆ ಸ್ವರ ತಪ್ಪಿದರೆ ಅದನ್ನೇ ಹಿಡಿದುಕೊಂಡು ಮುಂದೆ ಹೋಗಬೇಕು, ಅಲ್ವಾ?

ಒಂದೇ ಒಂದು ಕೇಳುವುದಾದರೆ, ಪಿಯಾನೋ ವಾದಕ ಬಿಲ್ ಇವಾನ್ಸ್ ಅವರ ಟ್ರಿಯೋ 1961ರ ಜೂನ್ 25ರಂದು ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್‌ನಲ್ಲಿ ನುಡಿಸಿದ್ದನ್ನು ಕೇಳಿ. ಬಾಸ್‌ನಲ್ಲಿ ಸ್ಕಾಟ್ ಲಫಾರೋ, ಡ್ರಮ್ಸ್‌ನಲ್ಲಿ ಪಾಲ್ ಮೋಷಿಯನ್. ಲಫಾರೋ ಸುಮ್ನೆ ತಾಳ ಹಿಡಿದು ಕೂರುವುದಿಲ್ಲ, ಪಿಯಾನೋ ಜೊತೆ ಮಾತಿಗೆ ಮಾತು ಬೆಳೆಸುತ್ತಾರೆ. ಹಿಂದೆ ಗ್ಲಾಸುಗಳ ಟಣಟಣ, ಯಾರದೋ ಹರಟೆ. ನನಗಂತೂ ಆ ಸದ್ದು ಬೇಕೇ ಬೇಕು. ನಾವೂ ಒಂದು ಮೇಜಿನ ಹತ್ತಿರ ಕೂತ ಹಾಗಿರುತ್ತದೆ. ಅದಾಗಿ ಹನ್ನೊಂದು ದಿನಕ್ಕೆ ಲಫಾರೋ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 25 ವರ್ಷ.